ಭೋಜನಶಾಲೆಯಲ್ಲಿ ಪಥ್ಯ

೧. ವಿಷಯನಿರ್ದೇಶ

ಮೈಯ ಭಾರವನ್ನು ಇಳಿಸಬೇಕೆಂದು ಆಹಾರನಿಯಮವನ್ನು ಕೈಕೊಂಡವನು ತನ್ನ ಮನೆಯಲ್ಲಿರುವವರೆಗೆ ಆ ನಿಯಮವನ್ನು ಹೇಗೋ ನಡೆಯಿಸಿಕೊಂಡು ಹೋಗುತ್ತಾನೆ. ಹೊಸ್ತಿಲು ದಾಟಿ, ಹಣ ಕೊಟ್ಟು ಉಣ್ಣುವ ಸ್ಥಳಕ್ಕೆ ಹೋದೊಡನೆ ಅದು ಸಡಿಲವಾಗುತ್ತದೆ. ಇದು ಈಚಿನ ನಗರವಾಸಿಗಳ ತೊಡಕೆಂದೂ, ಭೋಜನಶಾಲೆಯೆಂಬುದು ಸ್ವಭಾವದಿಂದಲೇ ಪಥ್ಯಕ್ಕೆ ವಿರೋಧಿಯೆಂದೂ ಸಾಮಾನ್ಯವಾದ ತಿಳಿವಳಿಕೆಯುಂಟು. ಚರಿತ್ರೆಯನ್ನು ಪರಿಶೀಲಿಸಿದರೆ ಈ ಎರಡನೆಯ ಮಾತು ನಿಲ್ಲತಕ್ಕುದಲ್ಲ. ಇಂದು ಜಗತ್ತಿನ ಬಹುಭಾಗದಲ್ಲಿ 'ರೆಸ್ಟೊರಾಂಟ್' ಎಂದು ಕರೆಯಿಸಿಕೊಳ್ಳುವ ಸಂಸ್ಥೆ ಹುಟ್ಟಿದುದೇ ಪಥ್ಯದವರಿಗಾಗಿ. ಅದರ ಹೆಸರು ಮೊದಲು ಒಂದು ಔಷಧದ ಹೆಸರಾಗಿದ್ದಿತು. ಪಥ್ಯದ ಮನೆಯು ಅಪಥ್ಯದ ಮನೆಯಾದುದು ಹೇಗೆ, ಅನಂತರ ಪಥ್ಯವು ಯಾವ ಯಾವ ವೇಷದಲ್ಲಿ ಆ ಮನೆಗೆ ಮರಳಿ ಬರಲು ಯತ್ನಿಸಿತು, ಆ ಯತ್ನಗಳು ಎಷ್ಟರ ಮಟ್ಟಿಗೆ ಫಲಿಸಿದುವು ಎಂಬುದನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಪಥ್ಯ, ಸ್ಥೌಲ್ಯ, ರಾಶಿ

ಮೊದಲು ಶಬ್ದವಿಚಾರ. 'ಪಥ್ಯ'ವೆಂಬುದು ದಾರಿಯೆಂಬ ಅರ್ಥವುಳ್ಳ 'ಪಥಿನ್' ಶಬ್ದದಿಂದ ಬಂದುದು. ದೇಹದ ದಾರಿಗೆ ತಪ್ಪದೆಯೂ ಮನಸ್ಸಿಗೆ ಪ್ರಿಯವಾಗಿಯೂ ಇರುವ ಆಹಾರವೇ ಪಥ್ಯವೆಂಬ ಅಭಿಪ್ರಾಯವು ಚರಕಸಂಹಿತೆಯ ಸೂತ್ರಸ್ಥಾನದ ೨೫ನೆಯ ಅಧ್ಯಾಯದಲ್ಲಿ ಕಂಡುಬರುತ್ತದೆ. ಆಹಾರದ ವಿಷಯದಲ್ಲಿ ಈ ಎರಡನೆಯ ಲಕ್ಷಣವನ್ನು ಕನ್ನಡದ ಬಳಕೆ ಕೈಬಿಟ್ಟಿದೆ. ಪಥ್ಯದ ಊಟವೆಂದರೆ ಕನ್ನಡಿಗನ ಕಿವಿಗೆ ಉಪ್ಪು ಹುಳಿ ಖಾರಗಳನ್ನು ಬಿಟ್ಟ ರೋಗಿಯ ಸಪ್ಪೆಯೂಟವೇ ಸರಿ. 'ಆ ಮಾತು ಅವನಿಗೆ ಪಥ್ಯವಾಗಲಿಲ್ಲ' ಎಂಬ ರೂಢಿಯಲ್ಲಿ ಮಾತ್ರ ಪ್ರಿಯವೆಂಬ ಹಳೆಯ ಅರ್ಥದ ನೆನಪು ಉಳಿದುಕೊಂಡಿದೆ.

ಅದೇ ಸೂತ್ರಸ್ಥಾನದ ೨೧ನೆಯ ಅಧ್ಯಾಯಕ್ಕೆ 'ಅಷ್ಟೌನಿಂದಿತೀಯ'ವೆಂದು ಹೆಸರು. ಲೋಕವು ನಿಂದಿಸುವ ಎಂಟು ಬಗೆಯ ದೇಹಗಳನ್ನು ಹೇಳಿ, ಅವುಗಳಲ್ಲಿ ಅತಿಸ್ಥೂಲ, ಅತಿಕೃಶ ಎಂಬ ಎರಡನ್ನು ಮಾತ್ರ ವಿಸ್ತಾರವಾಗಿ ವಿಚಾರಮಾಡಲಾಗಿದೆ. ಸ್ಥೂಲನಿಗೆ ಉಂಟಾಗುವ ದೋಷಗಳಲ್ಲಿ ಆಯುಸ್ಸಿನ ಕುಂದು, ದೌರ್ಬಲ್ಯ, ಅತಿಯಾದ ಬೆವರು ಮೊದಲಾದುವುಗಳ ಜೊತೆಗೆ ಅತಿಯಾದ ಹಸಿವೆ, ಅತಿಯಾದ ಬಾಯಾರಿಕೆ ಇವೂ ಎಣಿಸಲ್ಪಟ್ಟಿವೆ. ಮೇದಸ್ಸು ದಾರಿಯನ್ನು ಕಟ್ಟುವುದರಿಂದ ವಾಯುವು ಕೋಷ್ಠದಲ್ಲಿಯೇ ಸುಳಿದು ಜಠರಾಗ್ನಿಯನ್ನು ಉರಿಸುತ್ತದೆ. ಉಂಡುದು ಬೇಗ ಜೀರ್ಣವಾಗಿ ಮತ್ತೆ ಹಸಿವಾಗುತ್ತದೆ. ಮತ್ತೆ ಉಂಡುದು ಮತ್ತೆ ಮೇದಸ್ಸಾಗುತ್ತದೆ. ಅಂದರೆ ಬೊಜ್ಜು ಬರಿಯ ಹೊಟ್ಟೆಬಾಕತನದ ಫಲವಲ್ಲ, ಅದು ಹೊಟ್ಟೆಬಾಕತನಕ್ಕೆ ಕಾರಣವೂ ಹೌದು. ಆದುದರಿಂದಲೇ ಸ್ಥೂಲನಿಗೆ ವಿಧಿಸಿದ ಆಹಾರ ಗುರುವೂ ಅಪತರ್ಪಣವೂ ಆಗಿರಬೇಕು, ಎಂದರೆ ಹೊಟ್ಟೆಯಲ್ಲಿ ನಿಂತು ಹಸಿವನ್ನು ತಡೆಯಬೇಕು, ಆದರೆ ಮೈಯನ್ನು ಬೆಳೆಸಬಾರದು. ಜವೆ, ಹೆಸರು, ಹುರುಳಿ, ತೊಗರಿ, ಸಾಮೆ, ಪಡವಲ ಮೊದಲಾದುವು ಇದಕ್ಕೆಂದು ಹೇಳಿರುವ ಪದಾರ್ಥಗಳು.

ಪ್ರಕೃತ ವಿಷಯಕ್ಕೆ ಹೆಚ್ಚು ಪ್ರಯೋಜನಕರವಾದ ಮಾತು ವಿಮಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿದೆ. ಆಹಾರದ ಗುಣಾವಗುಣಗಳನ್ನು ನಿರ್ಣಯಿಸುವ ಎಂಟು ಸಂಗತಿಗಳಲ್ಲಿ ನಾಲ್ಕನೆಯದು 'ರಾಶಿ', ಎಂದರೆ ಪರಿಮಾಣ. ಇದು ಎರಡು ವಿಧ: ಊಟದ ಒಟ್ಟು ಮೊತ್ತವನ್ನು ಒಂದಾಗಿ ಅಳೆಯುವುದು 'ಸರ್ವಗ್ರಹ', ಅನ್ನವಿಷ್ಟು, ಬೇಳೆಯಿಷ್ಟು, ತುಪ್ಪವಿಷ್ಟು ಎಂದು ಒಂದೊಂದನ್ನೂ ಬೇರೆಯಾಗಿ ಅಳೆಯುವುದು 'ಪರಿಗ್ರಹ'. ಪಥ್ಯವೆಂದರೆ ಯಾವುದನ್ನು ತಿನ್ನಬೇಕು, ಯಾವುದನ್ನು ಬಿಡಬೇಕು ಎಂಬುದಷ್ಟೇ ಅಲ್ಲ. ಈ ಎರಡು ಬಗೆಯ ಅಳತೆಯೂ ಅದರೊಳಗೆ ಸೇರಿದೆ. ಮುಂದಿನ ಚರಿತ್ರೆಯನ್ನು ಅರಿಯಲು ಈ ವಿಭಾಗವು ಕೀಲಿಕೈಯಂತಿದೆ. ಭೋಜನಶಾಲೆಯ ಕಥೆಯೆಲ್ಲವೂ ಈ ಅಳತೆಗಳು ಯಾರ ಕೈಯಲ್ಲಿದ್ದುವು, ಯಾರ ಕೈಗೆ ಹೋದುವು ಎಂಬ ಕಥೆಯೇ ಆಗಿದೆ.

೩. ಕೋಸಲರಾಜನ ಅಳತೆ

ಭಾರವನ್ನು ಇಳಿಸಿದವನೊಬ್ಬನ ಅತಿ ಪ್ರಾಚೀನವಾದ ವೃತ್ತಾಂತಗಳಲ್ಲೊಂದು ಪಾಲಿ ವಾಙ್ಮಯದಲ್ಲಿದೆ. ಸಂಯುತ್ತನಿಕಾಯದ ಕೋಸಲಸಂಯುತ್ತದಲ್ಲಿರುವ ದೋಣಪಾಕಸುತ್ತದ ಪ್ರಕಾರ ಕೋಸಲದ ಅರಸನಾದ ಪಸೇನದಿಯು ದ್ರೋಣಪ್ರಮಾಣದ ಅನ್ನವನ್ನು ಉಣ್ಣುತ್ತಿದ್ದನು. ಒಂದು ದಿನ ಉಂಡು ಏದುಸಿರು ಬಿಡುತ್ತ ಬುದ್ಧನ ಬಳಿಗೆ ಬಂದಾಗ, ಊಟದಲ್ಲಿ ಅಳತೆಯನ್ನು ಅರಿತವನಿಗೆ ಬಾಧೆಗಳು ಕಡಿಮೆಯಾಗಿ ಮುಪ್ಪು ಮೆಲ್ಲನೆ ಬರುವುದೆಂಬ ಅರ್ಥದ ಗಾಥೆಯೊಂದನ್ನು ಬುದ್ಧನು ಹೇಳಿದನು. ಅರಸನ ಬೆನ್ನ ಹಿಂದೆ ನಿಂತಿದ್ದ ಸುದಸ್ಸನನೆಂಬ ತರುಣನು ಅದನ್ನು ಕಲಿತನು. ತನ್ನ ಊಟದ ಹೊತ್ತಿನಲ್ಲಿ ಅದನ್ನು ಹೇಳುತ್ತಿರಬೇಕೆಂದು ಗೊತ್ತುಮಾಡಿ ಅರಸನು ಆತನಿಗೆ ದಿನಕ್ಕೆ ನೂರು ಕಹಾಪಣಗಳನ್ನು ಕೊಡಿಸಿದನು. ಕ್ರಮಕ್ರಮವಾಗಿ ಊಟವು ಒಂದು ನಾಳಿಯ ಪ್ರಮಾಣಕ್ಕೆ ಇಳಿಯಿತು, ಮೈ ಹಗುರವಾಯಿತು. ಕಡೆಯ ತುತ್ತಿನ ಹೊತ್ತಿಗೆ ಗಾಥೆಯನ್ನು ಕೇಳಿ ಅದನ್ನು ಬಿಡುವುದು, ಬಿಟ್ಟುದಕ್ಕೆ ತಕ್ಕಂತೆ ಮುಂದಿನ ಅಡಿಗೆಗೆ ಅಕ್ಕಿಯನ್ನು ಕಡಿಮೆಮಾಡುವುದು ಎಂಬ ವಿವರವನ್ನು ಅಟ್ಟಕಥೆಯು ಸೇರಿಸುತ್ತದೆ.

ಈ ಕಥೆಯಲ್ಲಿ ಗಮನಿಸತಕ್ಕ ಅಂಶಗಳು ಎರಡು. ಅರಸನು ಅನ್ನವನ್ನು ಬಿಟ್ಟು ಬೇರೊಂದನ್ನು ತಿನ್ನಲಿಲ್ಲ. ಆತನು ಬದಲಾಯಿಸಿದುದು ರಾಶಿಯನ್ನು ಮಾತ್ರ. ಎರಡನೆಯದಾಗಿ, ಆತನು ತನ್ನ ಮನಸ್ಸಿನ ಬಿಗಿಯನ್ನೇ ನೆಚ್ಚಲಿಲ್ಲ. ಉಣ್ಣುವ ಹೊತ್ತಿಗೆ ಸರಿಯಾಗಿ ಎಚ್ಚರಿಸುವ ಒಂದು ಧ್ವನಿಯನ್ನೂ, ಎಚ್ಚರಿಕೆಯನ್ನು ಕೇಳಿ ಅಕ್ಕಿಯನ್ನು ಕಡಿಮೆಮಾಡುವ ಅಡಿಗೆಮನೆಯನ್ನೂ ಏರ್ಪಡಿಸಿಕೊಂಡನು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಕನ್ನಡದ ಗಾದೆ ಊಟವನ್ನೂ ಮಾತನ್ನೂ ಜೊತೆಗೂಡಿಸಿದಂತೆ, ಇಲ್ಲಿ ಊಟದ ಅಳತೆಯು ಮಾತಿನ ಆಸರೆಯಲ್ಲಿ ನಿಂತಿತು.

ಅಡಿಗೆಮನೆಯು ಆಜ್ಞಾಧೀನವಾಗಿರುವ ಅರಸನಿಗೆ ಇದು ಸಾಧ್ಯವಾಯಿತು. ಪರರ ಪಂಕ್ತಿಯಲ್ಲಿ ಕುಳಿತವನ ಪಾಡು ಬೇರೆ. ಔತಣದಲ್ಲಿ ಅಳತೆಯು ಬಡಿಸುವವನ ಸೌಟಿನಲ್ಲಿರುತ್ತದೆ. ಎಲೆಯ ಮೇಲೆ ಎರಡು ಕೈಗಳನ್ನು ಅಡ್ಡ ಹಿಡಿದರೂ ಉಪಚಾರದ ಹೆಸರಿನಲ್ಲಿ ಇನ್ನೊಂದು ಹೋಳಿಗೆ ಬೀಳುವುದು ಕನ್ನಡನಾಡಿನಲ್ಲಿ ಎಲ್ಲರೂ ಬಲ್ಲ ಸಂಗತಿ. ಛತ್ರದಲ್ಲಿ ಉಣ್ಣುವ ದಾರಿಹೋಕನಿಗೆ ಅಲ್ಲಿ ಮಾಡಿದುದೇ ಊಟ. ತನಗೆ ಬೇಕಾದುದನ್ನು, ಬೇಕಾದಷ್ಟು, ಬೇಕಾದ ಹೊತ್ತಿನಲ್ಲಿ ಕೇಳಿ ಪಡೆಯುವ ಅಧಿಕಾರವು ಹಣ ಕೊಡುವ ಸಾಮಾನ್ಯನಿಗೆ ಹೇಗೆ ಬಂದಿತೆಂಬುದನ್ನು ಅರಿಯಲು ಹದಿನೆಂಟನೆಯ ಶತಮಾನದ ಪ್ಯಾರಿಸ್ ನಗರಕ್ಕೆ ಹೋಗಬೇಕು. ಅದಕ್ಕೆ ಬಹುಪೂರ್ವದಲ್ಲಿ ಚೀನಾದೇಶದ ಸುಂಗ್ ವಂಶದ ರಾಜಧಾನಿಗಳಲ್ಲಿ ಗಿರಾಕಿಗಳು ತಮಗೆ ಬೇಕಾದ ಭಕ್ಷ್ಯಗಳನ್ನು ಹೇಳಿ ತರಿಸಿಕೊಳ್ಳುವ ಮನೆಗಳಿದ್ದುವು. ಆದರೆ ಇಂದಿನ ರೆಸ್ಟೊರಾಂಟಿನ ವಂಶಾವಳಿ ಪ್ಯಾರಿಸಿನಿಂದಲೇ ಹೊರಟುದು.

೪. ಸಾರಿನಿಂದ ಶಾಲೆ

'ರೆಸ್ಟೊರಾಂಟ್' ಎಂಬುದು 'ಪುನಃ ಸ್ವಸ್ಥಗೊಳಿಸು' ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ ಬಂದ ಶಬ್ದ. ಅದು ಮೊದಲು ಸ್ಥಳವಾಚಕವಾಗಿರದೆ, ಮಾಂಸವನ್ನು ಬಹುಹೊತ್ತು ಕುದಿಸಿ ಇಳಿಸಿದ ಸತ್ತ್ವಭರಿತವಾದ ಒಂದು ಸಾರಿನ ಹೆಸರಾಗಿದ್ದಿತು. ದಿದರೋ ಮೊದಲಾದ ವಿದ್ವಾಂಸರ ವಿಶ್ವಕೋಶದಲ್ಲಿ ಈ ಶಬ್ದವು ವೈದ್ಯಪರಿಭಾಷೆಯಾಗಿ, ಬಲವನ್ನೂ ಚೈತನ್ಯವನ್ನೂ ಕೊಡುವ ಮದ್ದೆಂಬ ಅರ್ಥದಲ್ಲಿ ಸೇರಿದೆ. ಆಯುರ್ವೇದವು ಬಲಹೀನರಿಗೆ ಹೇಳಿದ ಮಾಂಸರಸವನ್ನು ಇದು ಬಹಳವಾಗಿ ಹೋಲುತ್ತದೆ. ಗಟ್ಟಿಯಾದ ಆಹಾರವನ್ನು ಅರಗಿಸಲಾರದ ಹೊಟ್ಟೆಗೆ, ಅರಗಿಸುವ ಕೆಲಸವನ್ನು ಒಲೆಯೇ ಅರ್ಧ ಮಾಡಿ ಕೊಡುವುದು ಈ ಎರಡರ ತತ್ತ್ವವೂ ಆಗಿದೆ.

ಈ ಸಾರನ್ನು ಮಾರುವ ಅಂಗಡಿಯ ಉತ್ಪತ್ತಿಯ ವಿಷಯದಲ್ಲಿ ಒಂದು ಕಥೆ ಬಹುಕಾಲ ಪ್ರಚಾರದಲ್ಲಿದ್ದಿತು. ೧೭೬೫ರಲ್ಲಿ ಬೂಲಾಂಜೆ ಎಂಬವನು ಬೈಬಲಿನ ವಾಕ್ಯವೊಂದನ್ನು ವಿನೋದವಾಗಿ ತಿರುಗಿಸಿ, ಹೊಟ್ಟೆನೋವಿನವರನ್ನು ಕರೆಯುವ ಫಲಕವನ್ನು ತೂಗುಹಾಕಿದನೆಂದೂ, ಕುರಿಯ ಕಾಲಿನ ಭಕ್ಷ್ಯವನ್ನು ಮಾರಿದುದಕ್ಕಾಗಿ ಅಡಿಗೆಯವರ ಶ್ರೇಣಿಯು ಅವನ ಮೇಲೆ ವ್ಯಾಜ್ಯ ಹೂಡಿ ಸೋತಿತೆಂದೂ ಅದರ ಸಾರಾಂಶ. ೨೦೦೦ದಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ರೆಬೆಕ್ಕ ಸ್ಪಾಂಗ್ ಎಂಬ ಇತಿಹಾಸಕಾರರು ದಾಖಲೆಗಳನ್ನು ಶೋಧಿಸಿ, ಇಂಥ ವ್ಯಾಜ್ಯಕ್ಕೆ ಆಧಾರವಿಲ್ಲವೆಂದು ತೋರಿಸಿದ್ದಾರೆ. ಅವರ ನಿರ್ಣಯದಂತೆ ಈ ಸಂಸ್ಥೆಯ ಪ್ರವರ್ತಕನು ೧೭೬೬ರಲ್ಲಿ ಅಂಗಡಿಯನ್ನು ತೆರೆದ ಮತುರ್ಯಾಂ ರೋಜ್ ದ ಶಾಂತ್ವಾಸೋ. ಪ್ಯಾರಿಸಿನ ವರ್ತಕರ ವಿಳಾಸಗಳನ್ನು ತಿಳಿಸುವ ಪಂಚಾಂಗದಂಥ ಪುಸ್ತಕವನ್ನು ೧೭೬೯ರಲ್ಲಿ ಪ್ರಕಟಿಸಿದವನೂ ಈತನೇ. ಅದರಲ್ಲಿ ತನ್ನ ವೃತ್ತಿಯನ್ನು ತಾನೇ ಹೊಗಳಿಕೊಂಡಿರುವುದರಿಂದ ಈತನು ಪ್ರಕಟನೆಯ ಬಲವನ್ನು ಅರಿತಿದ್ದವನೆಂಬುದು ಸ್ಪಷ್ಟ.

ಎದೆ ದುರ್ಬಲವಾಗಿ, ರಾತ್ರಿಯ ಪೂರ್ಣಭೋಜನವನ್ನು ಮಾಡಲಾರದವರು ಈ ಅಂಗಡಿಗಳ ಗಿರಾಕಿಗಳು. ಸಾರಿನ ಜೊತೆಗೆ ಹೊಸ ಮೊಟ್ಟೆ, ಕೋಳಿ, ಹಾಲಿನಲ್ಲಿ ಬೆಂದ ಅಕ್ಕಿ, ಹಣ್ಣು ಮುಂತಾದ ಲಘುಪದಾರ್ಥಗಳು ದೊರೆಯುತ್ತಿದ್ದುವು. ನಾಜೂಕಾದ ದೇಹವು ನಾಜೂಕಾದ ಮನಸ್ಸಿನ ಗುರುತೆಂದು ಭಾವಿಸುತ್ತಿದ್ದ ಆ ಕಾಲದಲ್ಲಿ ನಾಲ್ಕು ಜನರೆದುರಿಗೆ ಕುಳಿತು ಸಾರನ್ನು ಗುಟುಕರಿಸುವುದು ಒಂದು ಬಗೆಯ ನಾಗರಿಕತೆಯೂ ಆಗಿದ್ದಿತು. ಇಷ್ಟೇ ಆಗಿದ್ದರೆ ಇದೊಂದು ಕ್ಷಣಿಕವಾದ ಷೋಕಿಯೆಂದು ಬಿಡಬಹುದಾಗಿದ್ದಿತು. ಮುಖ್ಯವಾದುದು ಈ ಅಂಗಡಿಗಳು ತಂದ ಊಟದ ರೀತಿ. ಆವರೆಗೆ ಪ್ಯಾರಿಸಿನಲ್ಲಿ ಹೊರಗೆ ಉಣ್ಣುವವನು ಗೊತ್ತಾದ ಹೊತ್ತಿಗೆ ಹೋಗಿ, ಅಪರಿಚಿತರೊಡನೆ ದೊಡ್ಡ ಮೇಜಿನ ಸುತ್ತ ಕುಳಿತು, ಒಂದೇ ಬೆಲೆಗೆ, ನಡುವೆ ಇಟ್ಟುದನ್ನು ಕೈಗೆಟಕಿದಷ್ಟು ತೆಗೆದುಕೊಳ್ಳಬೇಕಾಗಿದ್ದಿತು. ರೋಗಿಯ ಹಸಿವೆಗೆ ಹೊತ್ತಿಲ್ಲ; ಒಬ್ಬನ ಪಥ್ಯ ಇನ್ನೊಬ್ಬನದಲ್ಲ. ಆದುದರಿಂದ ಸಾರಿನ ಅಂಗಡಿಯವರು ಯಾವ ಹೊತ್ತಿನಲ್ಲಿ ಬಂದರೂ ಕೊಡುವ ಪದ್ಧತಿ, ಒಬ್ಬೊಬ್ಬರಿಗೆ ಬೇರೆ ಬೇರೆ ಸಣ್ಣ ಮೇಜು, ಒಂದೊಂದು ಪದಾರ್ಥಕ್ಕೆ ಬೇರೆ ಬೇರೆ ಬೆಲೆಯನ್ನು ಬರೆದ ಪಟ್ಟಿ ಇವುಗಳನ್ನು ಬಳಕೆಗೆ ತಂದರು. ಚರಕನ ಮಾತಿನಲ್ಲಿ ಹೇಳುವುದಾದರೆ ಹಳೆಯ ಮೇಜಿನಲ್ಲಿ ಇದ್ದುದು ಇತರರು ಗೊತ್ತುಮಾಡಿದ ಸರ್ವಗ್ರಹ. ಪರಿಗ್ರಹವು ಉಣ್ಣುವವನ ಕೈಗೆ ಬಂದುದು ಈ ಪಟ್ಟಿಯಿಂದ.

ಇಲ್ಲಿ ಒಂದು ಭೇದವನ್ನು ಮರೆಯಬಾರದು. ಆ ಅಂಗಡಿಗಳ ಪಥ್ಯವು ಮೈಯನ್ನು ತುಂಬುವ ಬೃಂಹಣವೇ ಹೊರತು ಮೈಯನ್ನು ಇಳಿಸುವ ಲಂಘನವಲ್ಲ. ಕೃಶನಿಗಾಗಿ ಕಟ್ಟಿದ ಮನೆಯ ಏರ್ಪಾಡು ಮುಂದೆ ಸ್ಥೂಲನಿಗೂ ಬೇಕಾಯಿತು. ಆದರೆ ಸ್ಥೂಲನು ಬರುವ ವೇಳೆಗೆ ಮನೆಯ ಒಳಗು ಬದಲಾಗಿದ್ದಿತು.

೫. ಪಟ್ಟಿ ಬೆಳೆದುದು: ಬ್ರಿಯಾ-ಸಾವರಾಂ

೧೭೮೯ರ ಮಹಾಕ್ರಾಂತಿಯ ಹಿಂದುಮುಂದಿನ ವರ್ಷಗಳಲ್ಲಿ ಲಘುವಾದ ಸಾರಿನ ಪಟ್ಟಿಯು ಮಹಾಭೋಜನದ ಪಟ್ಟಿಯಾಗಿ ಬೆಳೆಯಿತು. ಬೋವಿಲಿಯೆ ಮೊದಲಾದ ನಿಪುಣರು ಶ್ರೀಮಂತರ ಮನೆಗಳ ಅಡಿಗೆಯನ್ನು ಹಣ ಕೊಟ್ಟ ಯಾರಿಗಾದರೂ ದೊರೆಯುವಂತೆ ಮಾಡಿದರು. ಈ ಬೆಳವಣಿಗೆಗೆ ಸಾಕ್ಷಿಯಾದ ಗ್ರಂಥವು ನ್ಯಾಯಾಧಿಪತಿಯಾಗಿದ್ದ ಬ್ರಿಯಾ-ಸಾವರಾಂ ಬರೆದು ೧೮೨೫ರ ಕಡೆಯಲ್ಲಿ ಪ್ರಕಟಿಸಿದ 'ರುಚಿಯ ಶರೀರಶಾಸ್ತ್ರ'. ಇದು ಹೊರಬಂದ ಕೆಲವೇ ವಾರಗಳಲ್ಲಿ, ೧೮೨೬ರ ಫೆಬ್ರವರಿಯಲ್ಲಿ, ಆತನು ತೀರಿಕೊಂಡನು. ಭೋಜನಶಾಲೆಯನ್ನು ಕುರಿತ ಪ್ರಕರಣವೂ, ಸ್ಥೌಲ್ಯದ ಕಾರಣವನ್ನೂ ಚಿಕಿತ್ಸೆಯನ್ನೂ ಕುರಿತ ಎರಡು ಪ್ರಕರಣಗಳೂ ಒಂದೇ ಪುಸ್ತಕದಲ್ಲಿ ಸೇರಿರುವುದು ಆಕಸ್ಮಿಕವಲ್ಲ.

ಭೋಜನಶಾಲೆಯ ಲಾಭಗಳನ್ನು ಆತನು ಸ್ಪಷ್ಟವಾಗಿ ಎಣಿಸುತ್ತಾನೆ: ಇಷ್ಟ ಬಂದ ಹೊತ್ತಿಗೆ ಉಣ್ಣಬಹುದು, ಬೆಲೆ ಮೊದಲೇ ತಿಳಿದಿರುವುದರಿಂದ ಚೀಲದ ಮಿತಿ ಮೀರುವ ಭಯವಿಲ್ಲ, ಲಘುವಾಗಿಯೋ ಭಾರವಾಗಿಯೋ ಆರಿಸಿಕೊಳ್ಳಬಹುದು. ಆದರೆ ಅದೇ ಪ್ರಕರಣದಲ್ಲಿ ಆತನು ವರ್ಣಿಸುವ ಪಟ್ಟಿಯಲ್ಲಿ ೧೨ ಬಗೆಯ ಸಾರು, ೨೪ ಬಗೆಯ ಮೀನು, ೫೦ ಬಗೆಯ ಕಡೆಯ ತಿನಿಸುಗಳು ಬರುತ್ತವೆ. ಒಬ್ಬಂಟಿಗನಾಗಿ ಉಣ್ಣುವ ಅಭ್ಯಾಸದಿಂದ ಸಮಾಜಕ್ಕೆ ಒದಗಬಹುದಾದ ಹಾನಿಯನ್ನೂ ಆತನು ಸೂಚಿಸದೆ ಬಿಟ್ಟಿಲ್ಲ.

ಸ್ಥೌಲ್ಯಪ್ರಕರಣದಲ್ಲಿ ಆತನ ಆಧಾರಗಳು ಬಹುಮಟ್ಟಿಗೆ ಊಟದ ಮೇಜಿನಿಂದಲೇ ಬಂದುವು. ಬೊಜ್ಜಿನ ಭಯವುಳ್ಳ ಪಂಕ್ತಿಯವರೊಡನೆ ತಾನು ನಡೆಸಿದ ಸಂಭಾಷಣೆಗಳು ಐನೂರಕ್ಕೂ ಮಿಕ್ಕುವೆಂದು ಹೇಳಿ, ಅವರಲ್ಲಿ ಒಬ್ಬನು ರೊಟ್ಟಿಯನ್ನೂ, ಒಬ್ಬನು ಆಲೂಗಡ್ಡೆಯನ್ನೂ, ಮತ್ತೊಬ್ಬಳು ಹಿಟ್ಟಿನ ಭಕ್ಷ್ಯವನ್ನೂ ಬೇಡುತ್ತಲೇ ತಮ್ಮ ಭಾರಕ್ಕಾಗಿ ಮರುಗುವುದನ್ನು ನಾಟಕದಂತೆ ಚಿತ್ರಿಸಿದ್ದಾನೆ. ಹಿಟ್ಟು ಮತ್ತು ಪಿಷ್ಟಪದಾರ್ಥಗಳೇ ಬೊಜ್ಜಿಗೆ ಮುಖ್ಯಕಾರಣವೆಂಬುದು ಆತನ ಸಿದ್ಧಾಂತ. ಮಿತಾಹಾರ, ಮಿತನಿದ್ರೆ, ವ್ಯಾಯಾಮ ಇವು ಮೂರೂ ನಿಜವಾದ ಮದ್ದುಗಳಾದರೂ ಜನರು ಅವುಗಳನ್ನು ಅನುಸರಿಸುವುದಿಲ್ಲವೆಂದು ಅರಿತು, ಪಿಷ್ಟವನ್ನು ಬಿಡುವ ಸುಲಭವಾದ ದಾರಿಯನ್ನು ಆತನು ಹೇಳಿದನು. ಮೈ ಇಳಿಸುವ ಹಂಬಲದಿಂದ ಯಾರಿಗೂ ತಿಳಿಯದಂತೆ ದಿನವೂ ವಿನಿಗರನ್ನು ಕುಡಿದು, ಹದಿನೆಂಟನೆಯ ವಯಸ್ಸಿನಲ್ಲಿ ಕ್ಷಯಿಸಿ ಸತ್ತ ಲೂಯೀಸಳೆಂಬ ಹುಡುಗಿಯ ವೃತ್ತಾಂತವನ್ನೂ ಆತನು ಬರೆದಿದ್ದಾನೆ. ಎಲ್ಲೆಲ್ಲಿಯೂ ವಿನೋದವನ್ನೇ ಹರಿಸುವ ಆ ಪುಸ್ತಕದಲ್ಲಿ ಈ ಒಂದು ಪುಟದಲ್ಲಿ ಮಾತ್ರ ನಗೆ ನಿಂತುಹೋಗುತ್ತದೆ. ತನ್ನ ಪಥ್ಯವನ್ನು ಪಂಕ್ತಿಯಲ್ಲಿ ಬಾಯಿಬಿಟ್ಟು ಹೇಳಲು ನಾಚಿದವರು ಗುಟ್ಟಾಗಿ ಮಾಡಿಕೊಳ್ಳುವ ಅಪಾಯ ಎಂಥದೆಂಬುದಕ್ಕೆ ಅದು ನಿದರ್ಶನ.

೬. ಬ್ಯಾಂಟಿಂಗನ ಪಟ್ಟಿ

ಬ್ರಿಯಾ-ಸಾವರಾಂ ಸೂಚಿಸಿದ ದಾರಿಗೆ ಲೋಕಪ್ರಸಿದ್ಧಿಯನ್ನು ತಂದವನು ವೈದ್ಯನೂ ಅಲ್ಲ, ಸಾಹಿತಿಯೂ ಅಲ್ಲ. ಲಂಡನ್ ನಗರದಲ್ಲಿ ಉತ್ತರಕ್ರಿಯೆಯ ಏರ್ಪಾಡುಗಳನ್ನು ನಡೆಸುವ ವೃತ್ತಿಯಲ್ಲಿದ್ದ ವಿಲಿಯಂ ಬ್ಯಾಂಟಿಂಗ್. ೫ ಅಡಿ ೫ ಅಂಗುಲ ಎತ್ತರದ ಈತನು ೧೮೬೨ರ ಆಗಸ್ಟಿನಲ್ಲಿ ೨೦೨ ಪೌಂಡು, ಎಂದರೆ ಸುಮಾರು ೯೨ ಕಿಲೋಗ್ರಾಂ, ತೂಗುತ್ತಿದ್ದನು. ಬಗ್ಗಿ ಪಾದರಕ್ಷೆಯ ದಾರವನ್ನು ಕಟ್ಟಲಾರನು. ಮೆಟ್ಟಲನ್ನು ಹಿಮ್ಮುಖವಾಗಿ ಇಳಿಯಬೇಕು. ದೋಣಿ ನಡೆಸಿ ನೋಡಿದನು, ಹಸಿವೆ ಹೆಚ್ಚಿತು. ಸಮುದ್ರಸ್ನಾನ, ಹಬೆಸ್ನಾನಗಳಿಂದಲೂ ಫಲವಾಗಲಿಲ್ಲ. ಕಿವಿ ಮಂದವಾದುದಕ್ಕೆ ಹಾರ್ವಿಯೆಂಬ ಕರ್ಣವೈದ್ಯನ ಬಳಿಗೆ ಹೋದಾಗ, ಪ್ಯಾರಿಸಿನಲ್ಲಿ ಕ್ಲೋದ್ ಬೆರ್ನಾರನ ಉಪನ್ಯಾಸಗಳನ್ನು ಕೇಳಿದ್ದ ಆ ವೈದ್ಯನು ರೊಟ್ಟಿ, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಇವುಗಳನ್ನು ಬಿಡಬೇಕೆಂದು ಹೇಳಿ, ಹೊತ್ತುಹೊತ್ತಿನ ಊಟವನ್ನು ಔನ್ಸುಗಳಲ್ಲಿ ಬರೆದುಕೊಟ್ಟನು. ಒಂದು ವರ್ಷದೊಳಗಾಗಿ ೪೬ ಪೌಂಡು ಇಳಿಯಿತು. ೧೮೬೩ರಲ್ಲಿ ಬ್ಯಾಂಟಿಂಗನು ಸ್ಥೌಲ್ಯವನ್ನು ಕುರಿತು ಸಾರ್ವಜನಿಕರಿಗೆ ಬರೆದ ಪತ್ರವೆಂಬ ಕಿರುಹೊತ್ತಗೆಯನ್ನು ಅಚ್ಚು 'ಹಾಕಿಸಿ ಮೊದಮೊದಲು ಉಚಿತವಾಗಿ ಹಂಚಿದನು. ಆತನ ಹೆಸರು ಇಂಗ್ಲಿಷಿನಲ್ಲಿ ಕೆಲಕಾಲ ಕ್ರಿಯಾಪದವಾಯಿತು. ಸ್ವೀಡಿಷ್ ಭಾಷೆಯಲ್ಲಿ ಮೈ ಇಳಿಸುವುದಕ್ಕೆ ಇಂದಿಗೂ 'ಬಾಂತ' ಎಂದೇ ಹೇಳುತ್ತಾರೆ.

ಈ ಪಥ್ಯದ ಜನಪ್ರಿಯತೆಗೆ ಒಂದು ಕಾರಣ ಅದು ಹೊರಗಿನ ಊಟಕ್ಕೆ ಹೊಂದುತ್ತಿದ್ದುದು. 'ಇದು ಬೇಡ, ಅದನ್ನು ತಾ' ಎನ್ನುವಷ್ಟರಲ್ಲಿ ಅದು ಮುಗಿಯುತ್ತದೆ. ಪದಾರ್ಥಗಳನ್ನು ಬಿಡಿಬಿಡಿಯಾಗಿ ಮಾರುವ ಶಾಲೆಯಲ್ಲಿ ಇದಕ್ಕೆ ಅಡ್ಡಿಯಿಲ್ಲ. ಆದರೆ ಹಾರ್ವಿಯು ಬರೆದುಕೊಟ್ಟ ಚೀಟಿಯಲ್ಲಿ ಪದಾರ್ಥಗಳ ಹೆಸರಿನ ಜೊತೆಗೆ ಔನ್ಸುಗಳೂ ಇದ್ದುವು. ಭೋಜನಶಾಲೆಯ ಮೇಜಿನ ಮೇಲೆ ತಕ್ಕಡಿ ಇರುವುದಿಲ್ಲ. ಹೆಸರುಗಳು ಲೋಕದ ಬಾಯಲ್ಲಿ ನಿಂತುವು. ಔನ್ಸುಗಳು ಹೊತ್ತಗೆಯಲ್ಲಿಯೇ ಉಳಿದುವು.

೭. ಅಂಕಿ, ಧ್ವನಿ, ಶಾಸನ

ತಕ್ಕಡಿಯಿಲ್ಲದ ಈ ಕೊರತೆಯನ್ನು ತುಂಬಲು ಬಂದುದು ಕ್ಯಾಲೊರಿಯ ಲೆಕ್ಕ. ಅಮೆರಿಕದ ಮಿಡ್ಲ್‌ಟೌನ್ ಊರಿನಲ್ಲಿ ವಿಲ್ಬರ್ ಆಟ್‌ವಾಟರ್ (೧೮೪೪–೧೯೦೭) ಮನುಷ್ಯನು ಒಳಗೆ ವಾಸಮಾಡಬಲ್ಲ ಕೋಣೆಯಂಥ ಯಂತ್ರವನ್ನು ನಿರ್ಮಿಸಿ, ದೇಹವು ಆಹಾರದಿಂದ ಪಡೆಯುವ ಶಾಖವನ್ನು ಅಳೆದನು. ಪಿಷ್ಟಕ್ಕೂ ಸಸಾರಜನಕಕ್ಕೂ ಗ್ರಾಮಿಗೆ ೪, ಕೊಬ್ಬಿಗೆ ೯ ಎಂದು ಇಂದಿಗೂ ಬಳಕೆಯಲ್ಲಿರುವ ಸ್ಥೂಲಸಂಖ್ಯೆಗಳು ಆತನ ಪರಿಶ್ರಮದ ಫಲ. ೧೯೧೮ರಲ್ಲಿ ಲುಲು ಹಂಟ್ ಪೀಟರ್ಸ್ ಎಂಬ ವೈದ್ಯೆಯು ಬರೆದ ಪುಸ್ತಕವು ಈ ಲೆಕ್ಕವನ್ನು ಮನೆಮನೆಗೆ ಮುಟ್ಟಿಸಿತು. ರೊಟ್ಟಿಯ ಹೋಳು, ಕಡುಬಿನ ತುಂಡು ಎನ್ನುವುದರ ಬದಲು ನೂರು ಕ್ಯಾಲೊರಿಯ ರೊಟ್ಟಿ, ನೂರು ಕ್ಯಾಲೊರಿಯ ಕಡುಬು ಎಂದು ಎಣಿಸಬೇಕೆಂಬುದು ಆಕೆಯ ಉಪದೇಶ. ಅಕ್ಕಿ, ಎಣ್ಣೆ, ಬೆಲ್ಲ ಎಲ್ಲಕ್ಕೂ ಒಂದೇ ನಾಣ್ಯ ಬಂದುದರಿಂದ ಕೂಡಿಸುವುದು ಸಾಧ್ಯವಾಯಿತು; ಪ್ಯಾರಿಸಿನ ಪಟ್ಟಿ ಪರಿಗ್ರಹವನ್ನು ಕೊಟ್ಟಂತೆ ಕ್ಯಾಲೊರಿಯು ಸರ್ವಗ್ರಹವನ್ನು ಕೊಟ್ಟಿತು. ಅದೇ ಶತಮಾನದ ಆದಿಭಾಗದಲ್ಲಿ ನ್ಯೂಯಾರ್ಕಿನ ಚೈಲ್ಡ್ಸ್ ಎಂಬ ಭೋಜನಶಾಲೆಗಳ ಸಮೂಹವು ಬೆಲೆಯ ಪಕ್ಕದಲ್ಲಿ ಕ್ಯಾಲೊರಿಯನ್ನೂ ಅಚ್ಚುಹಾಕಿಸಿದ್ದುಂಟು.

ಅಂಕಿ ಬಂದಿತು, ಸುದಸ್ಸನನ ಧ್ವನಿ ಇರಲಿಲ್ಲ. ನ್ಯೂಯಾರ್ಕಿನ ಜೀನ್ ನೈಡೆಚ್ ಎಂಬ ಗೃಹಿಣಿ ೧೯೬೧ರಲ್ಲಿ ತನ್ನಂತೆಯೇ ಬೊಜ್ಜಿನಿಂದ ಬಳಲುತ್ತಿದ್ದ ಗೆಳತಿಯರನ್ನು ಮನೆಗೆ ಕರೆದು, ವಾರವಾರವೂ ತಮ್ಮ ಊಟದ ಗೆಲವು ಸೋಲುಗಳನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಪದ್ಧತಿಯನ್ನು ಆರಂಭಿಸಿದಳು. ೧೯೬೩ರಲ್ಲಿ ಇದು 'ವೆಯ್ಟ್ ವಾಚರ್ಸ್' ಎಂಬ ಸಂಸ್ಥೆಯಾಯಿತು. ಬ್ರಿಯಾ-ಸಾವರಾಂ ಕಂಡ ನಾಚಿಕೆಗೂ ಗುಟ್ಟಿಗೂ ಇದು ಪರಿಹಾರ. ಆದರೆ ಸಭೆಯಲ್ಲಿ ಕೇಳಿದ ಮಾತು ಭೋಜನಶಾಲೆಯ ಮೇಜಿನ ಬಳಿ ತಾನಾಗಿ ಕೇಳಿಬರುವುದಿಲ್ಲ.

ಇದನ್ನು ಕಂಡು, ಎಚ್ಚರಿಕೆಯ ಹೊಣೆಯನ್ನು ಸರಕಾರಗಳು ಮಾರುವವನ ಮೇಲೆಯೇ ಹೊರಿಸಿದುವು. ನ್ಯೂಯಾರ್ಕ್ ನಗರವು ೨೦೦೬ರಲ್ಲಿ ಮಾಡಿದ ನಿಯಮವು ನ್ಯಾಯಾಲಯದಲ್ಲಿ ಬಿದ್ದುಹೋಗಿ, ತಿದ್ದಿದ ನಿಯಮವು ೨೦೦೮ರಲ್ಲಿ ಜಾರಿಗೆ ಬಂದಿತು. ದೇಶದಲ್ಲಿ ೧೫ ಅಥವಾ ಹೆಚ್ಚು ಶಾಖೆಗಳುಳ್ಳ ಶಾಲೆಗಳು ಪಟ್ಟಿಯಲ್ಲಿ ಕ್ಯಾಲೊರಿಯನ್ನು ತೋರಿಸಬೇಕಾಯಿತು. ೨೦೧೦ರ ಶಾಸನದಂತೆ ಅಮೆರಿಕಕ್ಕೆಲ್ಲ ಅನ್ವಯಿಸುವ ನಿಯಮವು ೨೦೧೮ರ ಮೇ ತಿಂಗಳಲ್ಲಿ ನಡೆಗೆ ಬಂದಿತು. ೨೦೨೨ರ ಏಪ್ರಿಲಿನಲ್ಲಿ ಇಂಗ್ಲೆಂಡೂ, ಅದೇ ವರ್ಷದ ಜುಲೈಯಲ್ಲಿ ಭಾರತವೂ ಇದೇ ದಾರಿಯನ್ನು ಹಿಡಿದುವು. ಭಾರತದ ೨೦೨೦ರ ನಿಯಮಾವಳಿಯಂತೆ ಕೇಂದ್ರದ ಪರವಾನಗಿಯುಳ್ಳ ಅಥವಾ ೧೦ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಳಗಳಲ್ಲಿ ನಡೆಯುವ ಶಾಲೆಗಳು ಈ ಕಟ್ಟಿಗೆ ಒಳಪಡುತ್ತವೆ.

ಫಲವೆಷ್ಟು? ಕಾಫಿಯ ಶಾಲೆಗಳ ಸಮೂಹವೊಂದರ ಮಾರಾಟದ ಲೆಕ್ಕಗಳನ್ನು ಪರೀಕ್ಷಿಸಿದ ೨೦೧೧ರ ಅಧ್ಯಯನದಲ್ಲಿ, ಅಂಕಿಗಳನ್ನು ತೋರಿಸಿದ ಮೇಲೆ ಒಂದೊಂದು ಖರೀದಿಯ ಕ್ಯಾಲೊರಿ ಶೇಕಡ ೬ರಷ್ಟು ಇಳಿದುದು ಕಂಡುಬಂದಿತು. ಅನೇಕ ಪ್ರಯೋಗಗಳನ್ನು ಕೂಡಿಸಿ ನೋಡಿದ ೨೦೨೫ರ ಕಾಕ್ರನ್ ಸಮೀಕ್ಷೆಯು ಇಳಿತವನ್ನು ಶೇಕಡ ೧.೮ ಎಂದು ನಿರ್ಣಯಿಸಿದೆ. ೬೦೦ ಕ್ಯಾಲೊರಿಯ ಊಟದಲ್ಲಿ ಇದು ಕೇವಲ ೧೧. ಅಂಕಿಯ ನಿಷ್ಕೃಷ್ಟತೆಗೂ ಮಿತಿಯುಂಟು. ಅಮೆರಿಕದ ೪೨ ಭೋಜನಶಾಲೆಗಳಿಂದ ತಂದ ೨೬೯ ತಿನಿಸುಗಳನ್ನು ಪರೀಕ್ಷಿಸಿದ ೨೦೧೧ರ ಮತ್ತೊಂದು ಅಧ್ಯಯನದಲ್ಲಿ ಸರಾಸರಿಯು ಸರಿಯಾಗಿದ್ದರೂ, ಶೇಕಡ ೧೯ರಷ್ಟು ತಿನಿಸುಗಳಲ್ಲಿ ಹೇಳಿದುದಕ್ಕಿಂತ ೧೦೦ ಕ್ಯಾಲೊರಿಗೆ ಕಡಿಮೆಯಿಲ್ಲದಷ್ಟು ಹೆಚ್ಚಿದ್ದಿತು. ಪಟ್ಟಿಯನ್ನು ಅಚ್ಚುಹಾಕಿಸುವವನ ಲೆಕ್ಕ ಒಂದು, ಅಡಿಗೆಯವನ ಕೈಯ ಎಣ್ಣೆಯ ಸೌಟು ಇನ್ನೊಂದು.

೮. ಕನ್ನಡನಾಡಿನ ಉಪಾಹಾರಮಂದಿರ

ಕನ್ನಡನಾಡಿನ ಶಬ್ದಗಳು ಇದೇ ಚರಿತ್ರೆಯನ್ನು ಬೇರೊಂದು ರೀತಿಯಲ್ಲಿ ಹೇಳುತ್ತವೆ. ಉತ್ತರದ 'ಖಾನಾವಳಿ'ಯೂ, ದಕ್ಷಿಣದ ಹೋಟೆಲಿನ 'ಊಟ'ವೂ ಗೊತ್ತಾದ ಹೊತ್ತಿನಲ್ಲಿ ಒಂದೇ ಬೆಲೆಗೆ ಬಡಿಸುವ ಪದ್ಧತಿಗಳು. ಪ್ಯಾರಿಸಿನ ಹಳೆಯ ದೊಡ್ಡ ಮೇಜಿಗೆ ಇವು ಸಮಾನ. ಉಡುಪಿಯ ಕಡೆಯವರು ಊರೂರಲ್ಲಿ ತೆರೆದ ಕಾಫಿ ಕ್ಲಬ್ಬುಗಳೂ, ಉಪಾಹಾರಮಂದಿರಗಳೂ ಬಿಡಿತಿಂಡಿಯನ್ನು ಬಿಡಿಬೆಲೆಗೆ ಮಾರಿ ಪರಿಗ್ರಹವನ್ನು ಗಿರಾಕಿಗೆ ಒಪ್ಪಿಸಿದುವು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ೧೯೨೪ರಲ್ಲಿ ಆರಂಭವಾದಾಗ ಕಾಫಿ ಕ್ಲಬ್ಬೆಂಬ ಹೆಸರನ್ನೇ ಪಡೆದಿದ್ದಿತು. 'ಉಪಾಹಾರ'ವೆಂದರೆ ಆಹಾರಕ್ಕೆ ಉಪವಾದುದು, ಎಂದರೆ ಅಲ್ಪವಾದುದು. ಸ್ವಸ್ಥಗೊಳಿಸುವ ಸಾರೆಂಬ ಅರ್ಥವು 'ರೆಸ್ಟೊರಾಂಟಿ'ನಿಂದ ಅಳಿದುಹೋದಂತೆ, ಬೆಣ್ಣೆಯಲ್ಲಿ ಮುಳುಗಿದ ದೋಸೆಯನ್ನು ಬಡಿಸುವ ಮಂದಿರದಲ್ಲಿ 'ಉಪ' ಎಂಬ ಉಪಸರ್ಗವೂ ಅರ್ಥವನ್ನು ಕಳೆದುಕೊಂಡಿದೆ.

ಆದರೂ ಬೆಂಗಳೂರಿನ ಗಿರಾಕಿಗಳು ಅಳತೆಯ ವಿಷಯದಲ್ಲಿ ಒಂದು ಏರ್ಪಾಡನ್ನು ತಾವೇ ರೂಢಿಗೆ ತಂದಿದ್ದಾರೆ. ಒಂದು ಕಾಫಿಯನ್ನು ಎರಡು ಲೋಟಗಳಿಗೆ ಹಂಚಿಸಿಕೊಳ್ಳುವ 'ಬೈ ಟೂ' ಎಂಬ ಪದ್ಧತಿಯೇ ಅದು. ಅದರಲ್ಲಿ ಮಿತವ್ಯಯವೂ ಸ್ನೇಹವೂ ಇದ್ದರೂ, ಇಲ್ಲಿಯವರೆಗೆ ಹೇಳಿದ ಪಟ್ಟಿ, ಅಂಕಿ, ಶಾಸನ ಇವುಗಳಲ್ಲಿ ಯಾವುದೂ ಮಾಡದ ಕೆಲಸವನ್ನು ಅದು ಮಾಡುತ್ತದೆ: ಮಾರುವವನು ಗೊತ್ತುಮಾಡಿದ ರಾಶಿಯನ್ನು ಅದು ಅರ್ಧಕ್ಕೆ ಇಳಿಸುತ್ತದೆ, ಹಾಗೆ ಕೇಳುವುದರಲ್ಲಿ ನಾಚಿಕೆಯಿಲ್ಲದಂತೆಯೂ ಮಾಡುತ್ತದೆ. ಒಂದೇ ಅಂಗಡಿಯುಳ್ಳ ಸಾಮಾನ್ಯ ಹೋಟೆಲುಗಳು ೨೦೨೦ರ ನಿಯಮಾವಳಿಯ ಹೊರಗೆ ಉಳಿಯುವುದರಿಂದ, ಅಂಥಲ್ಲಿ ಪಥ್ಯದವನಿಗೆ ಅಂಕಿಯ ಆಸರೆಯಿಲ್ಲ. ಇಂಥ ರೂಢಿಗಳೇ ಗತಿ.

೯. ಉಪಸಂಹಾರ

ಮೇಲೆ ನಿರೂಪಿಸಿದುದರಿಂದ ತಿಳಿದುಬರುವುದೇನೆಂದರೆ, ಭೋಜನಶಾಲೆಯೂ ಪಥ್ಯವೂ ಹುಟ್ಟುಹಗೆಗಳಲ್ಲ. ಬೇರೆ ಮೇಜು, ಬೇಕಾದ ಹೊತ್ತು, ಬಿಡಿಬೆಲೆಯ ಪಟ್ಟಿ ಎಂಬ ಭೋಜನಶಾಲೆಯ ಲಕ್ಷಣಗಳೆಲ್ಲ ಪಥ್ಯದವರ ಆವಶ್ಯಕತೆಯಿಂದಲೇ ರೂಪುಗೊಂಡುವು. ಯಾವುದನ್ನು ತಿನ್ನಬೇಕೆಂಬ ಆಯ್ಕೆ ೧೭೬೬ರಿಂದೀಚೆಗೆ ಉಣ್ಣುವವನ ಕೈಗೆ ಬಂದಿತು. ಒಟ್ಟು ಎಷ್ಟಾಯಿತೆಂಬ ಲೆಕ್ಕ ೧೯೧೮ರಿಂದೀಚೆಗೆ ಅವನಿಗೆ ದೊರೆಯಿತು. ಆ ಲೆಕ್ಕವನ್ನು ತೋರಿಸುವ ಹೊಣೆಯನ್ನು ೨೦೦೮ರಿಂದೀಚಿನ ಶಾಸನಗಳು ಮಾರುವವನ ಮೇಲೆ ಹೊರಿಸಿದುವು. ಆದರೆ ತಟ್ಟೆಗೆ ಬೀಳುವ ರಾಶಿಯು ಇಂದಿಗೂ ಮಾರುವವನ ಕೈಯಲ್ಲಿಯೇ ಇದೆ. ಶಾಸನಗಳು ಸ್ವಲ್ಪವೇ ಫಲಿಸಿದುದಕ್ಕೆ ಇದು ಮುಖ್ಯಕಾರಣವೆಂದು ತೋರುತ್ತದೆ. ಕೋಸಲರಾಜನಿಗೆ ಸುದಸ್ಸನನ ಗಾಥೆಯೊಂದೇ ಸಾಕಾಗಲಿಲ್ಲ. ಗಾಥೆಯನ್ನು ಕೇಳಿ ಮುಂದಿನ ಅಡಿಗೆಗೆ ಅಕ್ಕಿಯನ್ನು ಕಡಿಮೆಮಾಡಿದ ಅಡಿಗೆಮನೆಯೂ ಬೇಕಾಯಿತು. ಪಟ್ಟಿಯಲ್ಲಿ ಅರ್ಧಪ್ರಮಾಣವು ಪೂರ್ಣಪ್ರಮಾಣದಷ್ಟೇ ಸಹಜವಾಗಿ ಬರೆಯಲ್ಪಡುವವರೆಗೆ ಭೋಜನಶಾಲೆಯಲ್ಲಿ ಪಥ್ಯವು ಅತಿಥಿಯಾಗಿಯೇ ಇರಬೇಕಾಗುತ್ತದೆ.

ಕನ್ನಡನಾಡಿನ ಮಟ್ಟಿಗೆ ಈ ಚರಿತ್ರೆಯ ಸಾಮಗ್ರಿ ಇನ್ನೂ ಸಂಗ್ರಹವಾಗಬೇಕಾಗಿದೆ. ಹಳೆಯ ಖಾನಾವಳಿಗಳ, ಕಾಫಿ ಕ್ಲಬ್ಬುಗಳ ದರಪಟ್ಟಿಗಳೂ, ಗೋಡೆಯ ಫಲಕಗಳೂ, ಹಳೆಯ ಸೌಟು ಬಟ್ಟಲುಗಳ ಅಳತೆಗಳೂ ದಿನೇ ದಿನೇ ಕಣ್ಮರೆಯಾಗುತ್ತಿವೆ. ಶಾಸನಗಳನ್ನೂ ಓಲೆಗಳನ್ನೂ ಶೋಧಿಸುವಷ್ಟೇ ಶ್ರದ್ಧೆಯಿಂದ ಇವುಗಳನ್ನು ಕೂಡಿಸಿಟ್ಟರೆ, ಒಂದು ತಲೆಮಾರು ಎಷ್ಟು ಉಂಡಿತು, ಮುಂದಿನ ತಲೆಮಾರಿನ ತಟ್ಟೆ ಎಷ್ಟು ಹಿಗ್ಗಿತು ಎಂಬುದನ್ನು ಊಹೆಯಿಂದಲ್ಲದೆ ಪ್ರಮಾಣದಿಂದ ಹೇಳುವುದು ಸಾಧ್ಯವಾದೀತು.